ಆರನೇ ಕಿಟಕಿ

ಮಳೆ ಹಿಡಿದುಕೊಂಡರೆ ಆ ಮನೆಯಲ್ಲಿ ಮೊದಲು ಶುರುವಾಗುತ್ತಿದ್ದುದು ಬಟ್ಟೆಯ ಜಗಳ. ಯಾವ ಕಿಟಕಿಯ ಕೆಳಗೆ ಯಾರ ಬಟ್ಟೆ ತುರುಕಬೇಕು ಎನ್ನುವುದು ಪ್ರತಿ ವರ್ಷವೂ ಹೊಸದಾಗಿ ತೀರ್ಮಾನವಾಗಬೇಕಿತ್ತು.

“ಅಮ್ಮಾ, ಅದು ನನ್ನ ಟವೆಲ್ಲು!”

“ನಿನ್ನದಾಗಿತ್ತು. ಈಗ ಕಿಟಕೀದು.”

“ಅಪ್ಪನ ಹಳೇ ಬನಿಯನ್ ಇಲ್ವಾ?”

“ಅದು ಆಗ್ಲೇ ಅಡುಗೆಮನೆ ಕಿಟಕೀಲಿದೆ. ನಿಮ್ಮಪ್ಪನಿಗೇನು ನೂರು ಬನಿಯನ್ ಇದೆಯಾ?”

ಟವೆಲ್ಲಿಗಾಗಿ ಕೂಗಾಡುತ್ತಿದ್ದವಳು ಮನೆಯ ಒಬ್ಬಳೇ ಮಗಳು, ಹದಿನೇಳು ವರ್ಷದವಳು. ತೊಟ್ಟಿಲಲ್ಲಿದ್ದಾಗ ಒಂದೇ ಸಮನೆ ರಾಗ ಎಳೆಯುತ್ತಿದ್ದುದಕ್ಕೆ ಅಪ್ಪ ಪಿಟೀಲು ಎಂದು ಹೆಸರಿಟ್ಟಿದ್ದ. ಅಳುವುದನ್ನು ಅವಳು ಎಂದೋ ಬಿಟ್ಟಿದ್ದಳು, ಕುಯ್ಯುವುದನ್ನು ಬಿಟ್ಟಿರಲಿಲ್ಲ. ತಾಯಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಬೀದಿಯವರೆಲ್ಲ ಟೀಚರ್ ಎಂದು ಕರೆದು ಕರೆದು ಮನೆಯಲ್ಲೂ ಅದೇ ಹೆಸರು ನಿಂತಿತ್ತು. ಮನೆಯ ಯಜಮಾನ ಒಂದು ಗೋದಾಮಿನಲ್ಲಿ ಒಳಗೆ ಬರುವ, ಹೊರಗೆ ಹೋಗುವ ಮೂಟೆಗಳನ್ನು ಎಣಿಸುವವನು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮೂಟೆಯೂ ತನ್ನ ಕಣ್ಣು ತಪ್ಪಿಸಿ ಹೋಗಿಲ್ಲ ಎಂದು ವಾರಕ್ಕೆರಡು ಸಲವಾದರೂ ಊಟದ ಹೊತ್ತಿನಲ್ಲಿ ಹೇಳುತ್ತಿದ್ದ. ಅವನನ್ನು ಇಲ್ಲಿ ತಮ್ಮ ಎಂದು ಕರೆಯುವುದೇ ಸರಿ, ಏಕೆಂದರೆ ಈ ಕತೆ ಅವನ ಅಕ್ಕನದು.

ಅಕ್ಕ ಆ ಮನೆಗೆ ಬಂದದ್ದು ಹದಿನೈದು ದಿನಕ್ಕೆಂದು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಿಟೀಲು ಹುಟ್ಟಿದಾಗ ಬಾಣಂತಿಯನ್ನೂ ಕೂಸನ್ನೂ ನೋಡಿಕೊಳ್ಳಲು ಬಂದಳು. ಹದಿನೈದು ದಿನ ತಾನೇ ಎಂದು ಅಡುಗೆಮನೆಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಒಂದು ಮಂಚ ಹಾಕಿಕೊಟ್ಟರು. ಹದಿನೈದು ದಿನ ಹದಿನೇಳು ವರ್ಷವಾಯಿತು. ಆ ಕೋಣೆಯನ್ನು ಮಾತ್ರ ಎಲ್ಲರೂ ಇನ್ನೂ ಸ್ಟೋರು ಎಂದೇ ಕರೆಯುತ್ತಿದ್ದರು. “ಅತ್ತೆ ಎಲ್ಲಿ?” ಎಂದರೆ “ಸ್ಟೋರಲ್ಲಿದಾರೆ ನೋಡು” ಎನ್ನುವುದು ವಾಡಿಕೆ. ಈರುಳ್ಳಿ, ಆಲೂಗಡ್ಡೆಯ ಬುಟ್ಟಿಗಳೂ ಅಲ್ಲೇ ಮೂಲೆಯಲ್ಲಿದ್ದವು.

ಸ್ಟೋರಿನ ಕಿಟಕಿ ಹಿಂದಿನ ಓಣಿಗೆ ತೆರೆದುಕೊಳ್ಳುತ್ತಿತ್ತು. ಪಕ್ಕದ ಕಟ್ಟಡದ ಸೂರಿನ ನೀರು ನೇರ ಅದರ ಮುಖಕ್ಕೇ ಬೀಳುತ್ತಿತ್ತು. ನಾಲ್ಕು ವರ್ಷದಿಂದ ಅದು ಸೋರುತ್ತಿತ್ತು. ಮೊದಲ ವರ್ಷ ಅಕ್ಕ ತಮ್ಮನಿಗೆ ಹೇಳಿದ್ದಳು. “ನೋಡೋಣ ಅಕ್ಕ” ಎಂದಿದ್ದ. ನೋಡಲಿಲ್ಲ. ಎರಡನೇ ಸಲ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ. ಹರಿದು ಕೆಲಸಕ್ಕೆ ಬಾರದ ಬಟ್ಟೆಗಳನ್ನು ಮನೆಗೆ ಒಯ್ಯಲು ಅಲ್ಲಿ ಬಿಡುತ್ತಿದ್ದರು. ಅದನ್ನು ಎಂಟು ಮಡಿಕೆ ಮಾಡಿ, ಕಿಟಕಿಯ ಉದ್ದಕ್ಕೆ ಸರಿಯಾಗಿ ಕೂರಿಸುತ್ತಿದ್ದಳು. ಬೆಳಿಗ್ಗೆ ಒದ್ದೆಯಾದದ್ದನ್ನು ಚೀಲದಲ್ಲಿ ಹಾಕಿಕೊಂಡು ಕೆಲಸಕ್ಕೆ ಹೋಗುವುದು, ಅಲ್ಲಿಯ ಯಂತ್ರದಲ್ಲಿ ಒಣಗಿಸುವುದು, ಸಂಜೆ ಒಣಗಿದ್ದನ್ನು ತಂದು ಮತ್ತೆ ಕೂರಿಸುವುದು. ಉಳಿದ ಕಿಟಕಿಗಳ ಒದ್ದೆ ಚಿಂದಿಗಳು ಮನೆಯ ತುಂಬ ನೇತಾಡುತ್ತಿದ್ದವು, ಕುರ್ಚಿಯ ಬೆನ್ನಿನ ಮೇಲೆ, ಬಾಗಿಲ ಚಿಲಕದ ಮೇಲೆ, ಒಮ್ಮೊಮ್ಮೆ ಟೀವಿಯ ಮೇಲೂ. ಸ್ಟೋರಿನ ಒಂದು ಎಳೆ ಬಟ್ಟೆಯೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದರಲ್ಲಿ ಅವಳಿಗೆ ಒಂದು ಬಗೆಯ ಜಂಬವೂ ಇತ್ತು.

ಈ ವರ್ಷ ಹಾಲ್‌ನ ಕಿಟಕಿಯ ನೀರು ಹರಿದು ಟೀಚರ್ ತಿದ್ದಬೇಕಿದ್ದ ಉತ್ತರ ಪತ್ರಿಕೆಗಳ ಮೇಲೆ ಬಿತ್ತು.

“ರೀ, ಇವತ್ತು ಎರಡರಲ್ಲಿ ಒಂದು ಆಗಬೇಕು. ಕಿಟಕಿ ರಿಪೇರಿ ಮಾಡಿಸ್ತೀರೋ, ಇಲ್ಲಾ ನಾನು ಶಾಲೇಲೇ ಮಲಗ್ಲೋ?”

“ಶಾಲೆ ಸೋರಲ್ವಾ?”

“ತಮಾಷೆ ಸಾಕು.”

ತಮ್ಮ ಯಾರನ್ನೋ ವಿಚಾರಿಸಿ, ಕಿಟಕಿ ಮೇಸ್ತ್ರಿಯೊಬ್ಬನ ನಂಬರ್ ಹಿಡಿದು ಅಲ್ಲೇ ಫೋನ್ ಮಾಡಿದ. ಅಕ್ಕ ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಹಳೇ ಮರದ ಕಿಟಕಿ ಮೇಸ್ತ್ರಿ. ಎಲ್ಲಾ ಸೋರ್ತಾವೆ... ಎಷ್ಟಾ? ಐದು. ಹೂಂ, ಒಟ್ಟು ಐದೇ.”

ಅಕ್ಕನ ಕೈ ನಿಂತಿತು. ಎಲ್ಲೋ ತಪ್ಪಿ ಅಂದಿರಬೇಕು ಎಂದುಕೊಂಡಳು. ಆದರೆ ಊಟಕ್ಕೆ ಕುಳಿತಾಗ ಟೀಚರೂ ಬೆರಳು ಮಡಿಸಿದಳು.

“ಹಾಲ್‌ದು ಎರಡು, ನಮ್ಮ ರೂಮಿಂದು ಒಂದು, ಪಿಟೀಲಿಂದು ಒಂದು, ಅಡುಗೆಮನೆ ಒಂದು. ಐದಾಯ್ತು.”

“ಬಚ್ಚಲದ್ದು?” ಎಂದಳು ಪಿಟೀಲು.

“ಅದು ಕಿಟಕಿ ಅಲ್ಲ ಕಣೇ, ಫ್ಯಾನಿಂದು ತೂತು,” ಎಂದ ತಮ್ಮ. “ಅತ್ತೆಗೆ ಅನ್ನ ಬಡಿಸು.”

ಬಚ್ಚಲಿನ ಫ್ಯಾನಿನ ತೂತು ಅವರಿಗೆ ನೆನಪಾಗಿತ್ತು. ಅಕ್ಕನ ಪಕ್ಕದಲ್ಲೇ ಕುಳಿತು, ಅವಳ ತಟ್ಟೆಗೇ ಅನ್ನ ಬಡಿಸುತ್ತ, ಮೂರು ಜನರಲ್ಲಿ ಒಬ್ಬರಿಗೂ ಅವಳ ಕಿಟಕಿ ನೆನಪಾಗಲಿಲ್ಲ. ಅಕ್ಕ ಅನ್ನ ಕಲಸಿದಳು, ಉಂಡಳು. ನಂದೂ ಒಂದಿದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆದರೆ ಅವಳಿಗೆ ಈಗ ಕಿಟಕಿ ಬೇಕಾಗಿರಲಿಲ್ಲ. ಅವನಿಗೇ ನೆನಪಾಗಬೇಕಿತ್ತು. ತಾನಾಗಿ ಹೇಳುವುದಿಲ್ಲ, ಕೆಲಸ ಮುಗಿಯುವುದರೊಳಗೆ ಒಬ್ಬರಿಗಾದರೂ ನೆನಪಾಗುತ್ತದೋ ಇಲ್ಲವೋ ನೋಡಿಯೇ ಬಿಡುತ್ತೇನೆ ಎಂದು ಹಟ ಹಿಡಿದಳು. ಐವತ್ತೆಂಟನೇ ವಯಸ್ಸಿನಲ್ಲಿ ಹಿಡಿಯುವ ಹಟವಲ್ಲ, ಅದು ಅವಳಿಗೂ ಗೊತ್ತಿತ್ತು.

ಮೇಸ್ತ್ರಿ ಬರಲು ಹತ್ತು ದಿನ ತೆಗೆದುಕೊಂಡ. ಆ ಹತ್ತು ದಿನವೂ ಅಕ್ಕ ತಮ್ಮನಿಗೆ ದಾರಿ ಮಾಡಿಕೊಡುತ್ತಲೇ ಇದ್ದಳು.

“ಹಿಂದಿನ ಓಣಿ ಕಡೆಯಿಂದ ಎಂಥಾ ಗಾಳಿ ಅಂತೀಯ,” ಎಂದಳು ಒಂದು ಬೆಳಿಗ್ಗೆ, ಅವನಿಗೆ ಚಹಾ ಕೊಡುತ್ತ.

“ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ ನೋಡು, ಒಳ್ಳೇ ನಿದ್ದೆ.”

“ನಂಗೆ ಬೇಗ ಎಚ್ಚರ ಆಗೋಯ್ತು.”

“ವಯಸ್ಸಾದ್ರೆ ಹಾಗೇ ಅಕ್ಕ. ನಮ್ಮ ಗೋದಾಮಿನ ವಾಚ್‌ಮನ್ನೂ ಹಾಗೇ ಅಂತಿರ್ತಾನೆ.”

ಇನ್ನೊಂದು ದಿನ ಸೀನಿದಳು. ಬೇಕೆಂದೇ ಸೀನಿದ್ದಲ್ಲ, ಬಂದ ಸೀನನ್ನು ತಡೆಯಲಿಲ್ಲ ಅಷ್ಟೇ. ಟೀಚರ್ ಕೂಡಲೇ ಮಾತ್ರೆ ತಂದು ಕೊಟ್ಟಳು, ನೀರನ್ನೂ ಕಾಯಿಸಿ ಕೊಟ್ಟಳು. “ಕೆಲಸದಲ್ಲಿ ಒದ್ದೆ ಬಟ್ಟೆ ಮುಟ್ತೀರಲ್ಲ ಅತ್ತಿಗೆ, ಅದಕ್ಕೇ,” ಎಂದಳು. ಅದೇ ಕಷ್ಟ. ಅವರು ಕೆಟ್ಟವರಾಗಿದ್ದರೆ ಅಕ್ಕನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಕೆಟ್ಟವರ ಮನೆಯಲ್ಲಿ ಯಾರು ಹದಿನೇಳು ವರ್ಷ ಇರುತ್ತಾರೆ?

ಮೇಸ್ತ್ರಿ ಬಂದಾಗ ಬಾಗಿಲು ತೆಗೆದವಳು ಅಕ್ಕನೇ. ಐವತ್ತರ ಆಸುಪಾಸಿನವನು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಸೊಂಟದಲ್ಲಿ ಅಳತೆಯ ಟೇಪು.

“ಮನೆಯವರು ಇದ್ದಾರಾ ಅಮ್ಮ?”

“ಇದ್ದಾರೆ, ಕರೀತೀನಿ,” ಎಂದಳು ಅಕ್ಕ. ಹೇಳಿ ಎರಡು ಹೆಜ್ಜೆ ಒಳಗೆ ಹೋದ ಮೇಲೆ ತಾನು ಏನು ಹೇಳಿದೆ ಎನ್ನುವುದು ಅವಳಿಗೇ ಕೇಳಿಸಿತು.

ಮೇಸ್ತ್ರಿಗೆ ಬಾಯಿ ಜಾಸ್ತಿ. ಪ್ರತಿ ಕಿಟಕಿಯನ್ನೂ ತಟ್ಟಿ, ಉಗುರಿನಿಂದ ಕೆರೆದು, ರೋಗಿಯನ್ನು ನೋಡಿದ ಡಾಕ್ಟರನಂತೆ ತಲೆಯಾಡಿಸಿದ.

“ಕಿಟಕಿ ಸೋರ್ತಿಲ್ಲ ಮೇಡಂ. ಗೋಡೆಗೂ ಚೌಕಟ್ಟಿಗೂ ಮಧ್ಯೆ ಬಿರುಕು ಬಿಟ್ಟಿದೆ, ನೀರು ಅಲ್ಲಿಂದ ಬರ್ತಿದೆ. ಕಿಟಕಿ ಮೇಲೆ ಸುಮ್ನೆ ಅಪವಾದ.”

“ಅಪವಾದವೋ ಏನೋ, ನೀರು ನಿಲ್ಲಬೇಕು ಅಷ್ಟೇ,” ಎಂದಳು ಟೀಚರ್.

“ನಿಲ್ಲುತ್ತೆ. ಹಳೇದೆಲ್ಲ ಕೆರೆದು, ಬಿರುಕು ತುಂಬಿ, ಹೊಸ ರಬ್ಬರ್ ಪಟ್ಟಿ ಕೂರಿಸಿ, ಕೆಳಗೆ ಸ್ವಲ್ಪ ಇಳಿಜಾರು ಕೊಡ್ತೀನಿ. ಆಮೇಲೆ ಬಕೆಟ್ಟಲ್ಲಿ ನೀರು ಎರಚಿ ನೋಡಿ.” ಅಡುಗೆಮನೆಯ ಕಿಟಕಿ ಅಳೆದು, ಮುಚ್ಚಿದ್ದ ಬಾಗಿಲೊಂದನ್ನು ಪೆನ್ಸಿಲ್ಲಿನಿಂದ ತೋರಿಸಿದ. “ಇದು?”

“ಅದು ಸ್ಟೋರು,” ಎಂದಳು ಟೀಚರ್.

ಒಲೆಯ ಮುಂದೆ ನಿಂತಿದ್ದ ಅಕ್ಕ ತಿರುಗಿ ನೋಡಲಿಲ್ಲ. ಮೇಸ್ತ್ರಿ ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟುಕೊಂಡು ಹೊರಟುಹೋದ.

ಕೆಲಸ ಬುಧವಾರ ಶುರುವಾಗುವುದೆಂದಾಯಿತು. ಧೂಳು ಕೂರಬಾರದೆಂದು ಮಂಗಳವಾರ ಸಂಜೆ ಹಾಲ್‌ನ ಸೋಫಾ, ಎರಡು ಹಾಸಿಗೆ, ಪುಸ್ತಕದ ಪೆಟ್ಟಿಗೆಗಳು, ಪರೀಕ್ಷೆಗೆಂದು ಪಿಟೀಲು ವರ್ಷವಿಡೀ ಬಿಡಿಸಿದ ಚಿತ್ರಗಳ ರಟ್ಟಿನ ಡಬ್ಬ, ಎಲ್ಲವನ್ನೂ ಸ್ಟೋರಿಗೆ ಸಾಗಿಸಿದರು. ಅಲ್ಲಿ ಕೆಲಸ ಇಲ್ಲವಲ್ಲ.

“ಅಕ್ಕ, ಹಾಸಿಗೆ ಈ ಗೋಡೆಗೆ ಒರಗಿಸಲಾ?” ತಮ್ಮ ಏದುಸಿರು ಬಿಡುತ್ತ ಕೇಳಿದ. ಈ ಗೋಡೆ ಎಂದರೆ ಕಿಟಕಿಯ ಗೋಡೆ.

ಈಗಂತೂ ಕಾಣಲೇಬೇಕು ಎಂದುಕೊಂಡಳು ಅಕ್ಕ. “ಒರಗಿಸು,” ಎಂದಳು.

ತಮ್ಮ ಕಿಟಕಿಯ ಹತ್ತಿರ ಹೋದ. ಅಲ್ಲಿ ಎಂಟು ಮಡಿಕೆಯ ಬಟ್ಟೆ ಕೂತಿತ್ತು. ಅದನ್ನು ಕೈಗೆ ತೆಗೆದುಕೊಂಡ. ಅರ್ಧ ಒದ್ದೆಯಾಗಿತ್ತು, ಕೈಗೆ ತಣ್ಣಗೆ ತಾಗಿರಲೇಬೇಕು.

“ಇದೆಲ್ಲಿಡ್ಲಿ ಅಕ್ಕ?”

“ಕೊಡು ಇಲ್ಲಿ,” ಎಂದು ಅಕ್ಕ ಕೈ ಚಾಚಿದಳು.

ಅವನು ಕೊಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡು ಹಾಸಿಗೆಗಳನ್ನೂ ಕಿಟಕಿಗೆ ಒರಗಿಸಿ, ಬೀಳದಿರಲೆಂದು ಮುಂದೆ ಸೋಫಾ ತಳ್ಳಿ, ಚಿತ್ರಗಳ ಡಬ್ಬವನ್ನು ಸೋಫಾದ ಹಿಂದಿನ ಸಂದಿಗೆ ಇಳಿಸಿದ. ಅಕ್ಕನ ಮಂಚಕ್ಕೆ ಹೋಗಲು ಅಡ್ಡಡ್ಡ ನಡೆಯುವಷ್ಟು ಜಾಗ ಉಳಿಯಿತು. “ಮೂರು ದಿನ ಸುಧಾರಿಸ್ಕೋ,” ಎಂದು ನಗುತ್ತ ಹೊರಟ.

ಆ ವಾರ ಆಸ್ಪತ್ರೆಯಲ್ಲಿ ಜ್ವರದವರು ಕಿಕ್ಕಿರಿದಿದ್ದರು. ಬಟ್ಟೆಯ ರಾಶಿ ಎರಡು ಪಟ್ಟು. ಅಕ್ಕ ಬೆಳಗಾಗುತ್ತಲೇ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಮಳೆಯೂ ಬಿಡಲಿಲ್ಲ. ಸೋಫಾದ ಹಿಂದೆ ನೀರು ಇಳಿಯುತ್ತಿರಬೇಕೆಂದು ಅವಳಿಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೋಫಾ ಎಳೆಯಲು ಒಬ್ಬಳ ಕೈಯಲ್ಲಿ ಆಗದು, ಯಾರನ್ನಾದರೂ ಕರೆಯಬೇಕು, ಕರೆದರೆ ಯಾಕೆಂದು ಹೇಳಬೇಕು. ಅವಳು ಕರೆಯಲಿಲ್ಲ. ಆ ಡಬ್ಬದಲ್ಲಿ ಏನಿದೆ ಎನ್ನುವುದು ಮಾತ್ರ ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಮಳೆ ತುಸು ಹೊಳವಾದಾಗಲಷ್ಟೇ ಕೆಲಸ ನಡೆದು, ಶನಿವಾರ ಮಧ್ಯಾಹ್ನ ಐದನೇ ಕಿಟಕಿಯೂ ಮುಗಿಯಿತು. ಅಂದು ಎಲ್ಲರಿಗೂ ಅರ್ಧ ದಿನ. ಸಾಮಾನು ಹೊರಗೆ ತರಲು ಹೋದ ತಮ್ಮ ಸೋಫಾ ಎಳೆದವನೇ “ಅಯ್ಯೋ!” ಎಂದ. ಹಾಸಿಗೆಯ ಕೆಳಗಿನ ಅರ್ಧ ನೀರು ಕುಡಿದು ಊದಿಕೊಂಡಿತ್ತು, ಕಪ್ಪಗೆ ಬೂಷ್ಟು ಹಿಡಿದು ವಾಸನೆ ಹೊಡೆಯುತ್ತಿತ್ತು. ಡಬ್ಬ ಎತ್ತಿದರೆ ತಳ ಅಲ್ಲೇ ಉಳಿಯಿತು.

“ನನ್ನ ಚಿತ್ರ!” ಪಿಟೀಲು ಓಡಿ ಬಂದಳು. “ಅಪ್ಪಾ, ಸೋಮವಾರ ಕೊಡಬೇಕು! ಇಪ್ಪತ್ನಾಲ್ಕೂ ಇದರಲ್ಲಿದೆ!”

“ನೀರೆಲ್ಲಿಂದ ಬಂತು?” ಎಂದಳು ಟೀಚರ್.

ಎಲ್ಲರೂ ಕಿಟಕಿಯನ್ನು ನೋಡಿದರು. ಅದು ಯಾವ ಮುಜುಗರವೂ ಇಲ್ಲದೆ ತೊಟ್ಟಿಕ್ಕುತ್ತಿತ್ತು.

“ಇದು ಸೋರುತ್ತಾ? ಅತ್ತಿಗೆ, ಇದು ಸೋರ್ತಿತ್ತಾ?”

“ಸೋರ್ತಿತ್ತು.”

“ಎಷ್ಟು ದಿನದಿಂದ?”

“ನಾಲ್ಕು ವರ್ಷ.”

“ನಾಲ್ಕು ವರ್ಷ!” ಟೀಚರ್ ತಲೆಯ ಮೇಲೆ ಕೈಯಿಟ್ಟುಕೊಂಡಳು. “ನಾಲ್ಕು ವರ್ಷ ಬಾಯಿ ಮುಚ್ಕೊಂಡು ಇದ್ರಾ? ಹಾಸಿಗೆ ಇಡೋವಾಗಾದ್ರೂ ಒಂದು ಮಾತು ಹೇಳಬಾರದಾ? ನಾವೇನು ನಿಮ್ಮನ್ನ ನೀರಲ್ಲಿ ಮಲಗಿಸೋ ಜನಾನಾ? ಕೇಳಿದವರು ಏನಂದ್ಕೋತಾರೆ?”

“ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಕ್ಕ?” ಎಂದ ತಮ್ಮ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮೊದಲ ವರ್ಷ ಅವಳು ಹೇಳಿದ್ದು ನೆನಪೇ ಇರಲಿಲ್ಲ.

ಅಕ್ಕ ಅವನ ಮುಖ ನೋಡಿದಳು. “ಮೇಸ್ತ್ರಿಗೆ ಎಷ್ಟು ಕಿಟಕಿ ಅಂತ ಹೇಳಿದೆ?”

“ಐದು.”

“ಎಣಿಸು.”

“ಅದೇನು ಎಣಿಸೋದು... ಹಾಲ್‌ದು ಎರಡು, ನಮ್ದು ಒಂದು, ಇವಳದ್ದು ಒಂದು, ಅಡುಗೆಮನೆ...” ಅವನ ಬೆರಳು ನಿಂತಿತು. ಕಿಟಕಿಯನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಕಿಟಕಿಯನ್ನು ನೋಡಿದ. ಇಪ್ಪತ್ತೆರಡು ವರ್ಷದ ಹೆಮ್ಮೆ ಅಷ್ಟು ಸುಲಭವಾಗಿ ಮಣಿಯುವಂಥದ್ದಲ್ಲ. “ಇದು... ಇದು ಕಿಟಕಿ ಅಲ್ಲ ಅಕ್ಕ. ಕಿಂಡಿ.”

“ಕಿಂಡಿ ಆದ್ರೆ ಚಿಲಕ ಯಾಕಿದೆ?” ಎಂದಳು ಪಿಟೀಲು ಅಳುತ್ತಲೇ.

“ಗಾಳಿ ಬರ್ಲಿ ಅಂತ ಬಿಟ್ಟಿರೋದು ಕಣೆ. ಸ್ಟೋರಿಗೆ ಕಿಂಡಿನೇ ಇಡೋದು. ಕೇಳು ಬೇಕಾದ್ರೆ. ಮೇಸ್ತ್ರಿ! ಸ್ವಲ್ಪ ಬನ್ನಿ ಇಲ್ಲಿ.”

ಹಾಲ್‌ನಲ್ಲಿ ಸಾಮಾನು ಕಟ್ಟಿಕೊಳ್ಳುತ್ತಿದ್ದ ಮೇಸ್ತ್ರಿ ಬಂದ. ಒಬ್ಬೊಬ್ಬರ ಮುಖವನ್ನೂ ನೋಡಿ, ಇದು ತನಗೆ ಸೇರಿದ ವಿಷಯವಲ್ಲ ಎಂದು ತಿಳಿದರೂ, ಕೇಳಿದ ಮೇಲೆ ಬಿಡಲಾಗದೆ ಟೇಪು ಎಳೆದ.

“ಎರಡೂವರೆ ಅಡಿ ಅಗಲ, ಮೂರಡಿ ಎತ್ತರ. ನಿಮ್ಮ ಅಡುಗೆಮನೇದಕ್ಕಿಂತ ದೊಡ್ಡದು ಸಾರ್. ಇದನ್ನ ಕಿಂಡಿ ಅಂದ್ರೆ ಅದನ್ನ ಏನಂತೀರಿ? ನಾನು ಕೆಲಸ ಸಿಗುತ್ತೆ ಅಂತ ಹೇಳ್ತಿಲ್ಲ, ನನ್ನ ಹತ್ರ ಪಟ್ಟಿ ಉಳಿದಿದೆ. ಸೋಮವಾರ ಬಂದು ಮಾಡಿಕೊಡ್ತೀನಿ.” ಆಮೇಲೆ ಕೋಣೆಯನ್ನೆಲ್ಲ ಒಮ್ಮೆ ನೋಡಿ, “ಇಲ್ಲಿ ಯಾರಾದ್ರೂ ಮಲಗ್ತಾರಾ?” ಎಂದು ಕೇಳಿದ.

ಭಾನುವಾರ ಅಕ್ಕ ರಜೆಯ ದಿನವೂ ಕೆಲಸಕ್ಕೆ ಹೋದಳು. ಒದ್ದೆ ಚಿತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಒಯ್ದು, ಒಂದೊಂದನ್ನೂ ಎರಡು ಹಾಸಿಗೆ ಬಟ್ಟೆಗಳ ನಡುವೆ ಇಟ್ಟು, ದೊಡ್ಡ ಇಸ್ತ್ರಿ ಯಂತ್ರದ ಕೆಳಗೆ ಮೆಲ್ಲಗೆ ಒತ್ತಿದಳು. ಹದಿನಾಲ್ಕು ಉಳಿದವು. ಹತ್ತು ಬಟ್ಟೆಗೇ ಅಂಟಿಕೊಂಡು ಹೋದವು. ಸಂಜೆ ಪಿಟೀಲು ಅವನ್ನು ಮಂಚದ ಮೇಲೆ ಹರಡಿ ನೋಡಿದಳು.

“ಅತ್ತೆ, ನೀನು ಹೇಳಬೇಕಿತ್ತು.”

“ಹೇಳಬೇಕಿತ್ತು ಪುಟ್ಟಾ.”

“ನಂಗಾದ್ರೂ ಹೇಳಬಹುದಿತ್ತಲ್ಲ.”

“ನಿಂಗೂ ಬಚ್ಚಲದ್ದೇ ನೆನಪಾಯ್ತಲ್ಲೇ,” ಎಂದಳು ಅಕ್ಕ. ಪಿಟೀಲು ಚಿತ್ರಗಳನ್ನು ಜೋಡಿಸಿಕೊಂಡು ಎದ್ದುಹೋದಳು. ಅಷ್ಟು ಹೇಳಬಾರದಿತ್ತು ಎಂದು ಅಕ್ಕನಿಗೆ ಆಮೇಲೆ ಅನ್ನಿಸಿತು.

ಸೋಮವಾರ ಮೇಸ್ತ್ರಿ ಬಂದು ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿದ. ನಾಲ್ಕು ವರ್ಷದ ಬಟ್ಟೆ ಮಡಿಸುವಿಕೆ, ಚೀಲ, ಸೀನು, ಎಲ್ಲಕ್ಕೂ ಬೇಕಾಗಿದ್ದುದು ಒಂದೂವರೆ ಗಂಟೆ. ತಮ್ಮ ತಾನೇ ಓಣಿಗೆ ಹೋಗಿ ಬಕೆಟ್ಟಿನಲ್ಲಿ ನೀರು ಎರಚಿದ. ಒಳಗೆ ಒಂದು ಹನಿಯೂ ಬರಲಿಲ್ಲ. ಅವನ ಮುಖ ಅರಳಿತು, ಮನಸ್ಸಿನ ಭಾರವೆಲ್ಲ ಇಳಿದುಹೋದಂತೆ ಕಂಡಿತು. ಒಳಗೆ ಬಂದವನು ಸೋಫಾದ ಬೆನ್ನನ್ನು ತಟ್ಟಿದ.

“ಇನ್ನೇನು ಭಯ ಇಲ್ಲ ಕಣೇ. ಹಾಲ್‌ಗೆ ಹೊಸ ಸೋಫಾ ನೋಡೋಣ ಅಂತಿದ್ಯಲ್ಲ, ಈ ಹಳೇದು ಇಲ್ಲೇ ಇರಲಿ. ಆ ಹಾಸಿಗೆನೂ ಒಣಗಿದ ಮೇಲೆ ಇಲ್ಲೇ ಇಡೋಣ. ಈಗ ಸೋರಲ್ಲವಲ್ಲ.”

“ಪೆಟ್ಟಿಗೆಗಳೂ ಇರಲಿ ಹಾಗಾದ್ರೆ,” ಎಂದಳು ಟೀಚರ್. “ಅತ್ತಿಗೆ, ನಿಮಗೇನೂ ತೊಂದರೆ ಇಲ್ಲ ತಾನೆ?”

ಕೇಳಿದ್ದು ಉತ್ತರಕ್ಕೆ ಕಾಯುವ ದನಿಯಲ್ಲಿ ಅಲ್ಲ. ಹದಿನೇಳು ವರ್ಷದಿಂದ ಆ ಪ್ರಶ್ನೆಗೆ ಇದ್ದುದು ಒಂದೇ ಉತ್ತರ.

“ಇಲ್ಲ,” ಎಂದಳು ಅಕ್ಕ.

ಗುರುವಾರ ಬೆಳಕು ಹರಿಯುವಾಗಲೇ ಮಳೆ ಸುರಿಯುತ್ತಿತ್ತು. ಅಕ್ಕ ಎದ್ದು ಎಲ್ಲರಿಗೂ ಚಹಾ ಮಾಡಿಟ್ಟಳು, ಪಲ್ಯ ಮಾಡಿ ಮೂವರ ಊಟದ ಡಬ್ಬಿ ಕಟ್ಟಿದಳು, ತನ್ನದನ್ನೂ ಕಟ್ಟಿಕೊಂಡಳು. ಕೋಣೆಗೆ ಹೋಗಿ ತಲೆ ಬಾಚಿಕೊಂಡಳು. ಸೋಫಾದ ಮೇಲೆ ಮಂಡಿಯೂರಿ ಹತ್ತಿ, ಹೊಸ ರಬ್ಬರಿನ ಬಿಗಿಗೆ ಒಂದಿಷ್ಟು ಗುದ್ದಾಡಿ, ಕಿಟಕಿಯ ಎರಡೂ ಬಾಗಿಲುಗಳನ್ನು ಪೂರ್ತಿ ತೆರೆದು ಕೊಕ್ಕೆ ಹಾಕಿದಳು. ಸೂರಿನ ನೀರು ಧೋ ಎಂದು ಒಳಗೆ ಬಿತ್ತು. ಮುಖಕ್ಕೆ ಸಿಡಿದದ್ದನ್ನು ಸೆರಗಿನಿಂದ ಒರೆಸಿಕೊಂಡು, ಬಾಗಿಲು ಮುಂದೆ ಎಳೆದು, ಕೊಡೆ ಹಿಡಿದು ಕೆಲಸಕ್ಕೆ ಹೊರಟಳು.

ಸಂಜೆ ಬಂದಾಗ ಸೋಫಾ ಹಾಲ್‌ನ ನಡುವೆ ನೀರು ಸುರಿಸುತ್ತ ಕುಳಿತಿತ್ತು. ಟೀಚರ್ ಸೆರಗು ಸಿಕ್ಕಿಸಿಕೊಂಡು ನೆಲ ಒರೆಸುತ್ತಿದ್ದಳು.

“ಕಿಟಕಿ ತೆಗೆದಿಟ್ಟು ಹೋಗಿದ್ರಲ್ಲ ಅತ್ತಿಗೆ! ಹಾಕೋಕೆ ಮರೆತುಬಿಟ್ರಾ?”

ಮರೆತೆ ಎಂದಿದ್ದರೆ ಸಾಕಿತ್ತು. ಟೀಚರ್ ಆ ಮಾತನ್ನು ತಾನೇ ಬಾಯಿಗೆ ಇಟ್ಟುಕೊಟ್ಟಿದ್ದಳು.

“ಮರೀಲಿಲ್ಲ,” ಎಂದಳು ಅಕ್ಕ. “ತೆಗೆದಿಟ್ಟೇ ಹೋದೆ.”

ಟೀಚರ್ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು.

“ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಆಗ್ತಿರಲ್ವಾ?”

“ಹೇಳೋಕೆ ಬರಲ್ಲಮ್ಮ ನಂಗೆ. ಅಭ್ಯಾಸ ತಪ್ಪಿಹೋಗಿದೆ.”

ಅಂದೇ ಎಲ್ಲ ಹೊರಗೆ ಬಂತು. ಸೋಫಾ ಗುಜರಿಯವನ ಪಾಲಾಯಿತು, ಪೆಟ್ಟಿಗೆಗಳು ಅಟ್ಟ ಹತ್ತಿದವು. ಮರುದಿನ ಟೀಚರ್ ಈರುಳ್ಳಿ, ಆಲೂಗಡ್ಡೆಯ ಬುಟ್ಟಿಗಳನ್ನೂ ತೆಗೆದು ಅಡುಗೆಮನೆಯ ಕಟ್ಟೆಯ ಕೆಳಗೆ ಇಟ್ಟಳು. ಗಂಡ ಹಳೆಯ ಕೊಡೆಯೊಂದನ್ನು ಹಿಡಿದುಕೊಂಡು ಆ ಬಾಗಿಲ ಕಡೆ ಹೊರಟರೆ, “ಅತ್ತಿಗೆ ರೂಮಲ್ಲಿ ಏನೂ ಇಡಬೇಡಿ,” ಎಂದಳು. ದನಿ ತಣ್ಣಗಿತ್ತು. ಸ್ಟೋರು ಎಂಬ ಹೆಸರು ಆ ಮನೆಯಲ್ಲಿ ಹೀಗೆ ಹೋಯಿತು.

ಎರಡು ವಾರ ಎಲ್ಲರೂ ಬಹಳ ಮರ್ಯಾದೆಯಿಂದ ನಡೆದುಕೊಂಡರು. “ಪಲ್ಯ ಹಾಕಲಾ ಅತ್ತಿಗೆ?” “ಚಹಾಕ್ಕೆ ಸಕ್ಕರೆ ಸಾಕಾ ಅತ್ತಿಗೆ?” ಜಗಳವಿಲ್ಲ, ತಮಾಷೆಯೂ ಇಲ್ಲ. ಮೊದಲು ಈರುಳ್ಳಿಗೆಂದು, ಸುತ್ತಿಗೆಗೆಂದು, ಹಳೆಯ ಪೇಪರಿಗೆಂದು ದಿನಕ್ಕೆ ಹತ್ತು ಸಲ ಅವಳ ಬಾಗಿಲು ತೆರೆದುಕೊಳ್ಳುತ್ತಿತ್ತು. ಬಂದವರು ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏನಾದರೊಂದು ಹರಟಿ ಹೋಗುತ್ತಿದ್ದರು. ಈಗ ಯಾರಿಗೂ ಆ ಕೋಣೆಯಲ್ಲಿ ಕೆಲಸವಿರಲಿಲ್ಲ. ಮಂಚವನ್ನು ಅವಳು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದಳು. ಹಾಸಿಗೆ ಬೆಚ್ಚಗಿತ್ತು, ಗೋಡೆ ಒಣಗಿತ್ತು. ಬಾಗಿಲು ಬೆಳಗಿನಿಂದ ಸಂಜೆಯವರೆಗೆ ಮುಚ್ಚಿದ್ದು ಮುಚ್ಚಿದಂತೆಯೇ ಇರುತ್ತಿತ್ತು. ತನಗೆ ಬೇಕಾದದ್ದು ಇದೇನಾ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಇದಲ್ಲ. ಆದರೆ ಹಿಂದಿನದೂ ಅಲ್ಲ.

ಒಂದು ಭಾನುವಾರ, ಊಟಕ್ಕೆ ಸ್ವಲ್ಪ ಮೊದಲು, ಯಾರೋ ಬಾಗಿಲು ತಟ್ಟಿದರು. ತಮ್ಮ ಹೊರಗೇ ನಿಂತಿದ್ದ.

“ಒಳಗೆ ಬರ್ಲಾ ಅಕ್ಕ?”

ಹದಿನೇಳು ವರ್ಷದಲ್ಲಿ ಅವನು ಹಾಗೆ ಕೇಳಿರಲಿಲ್ಲ. “ಬಾರೋ. ಇದೇನು ಕೇಳೋದು?”

ಬಂದ. ಕೂರಲಿಲ್ಲ. ಕಿಟಕಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿದ. ಹೊರಗೆ ಹನಿಯುತ್ತಿತ್ತು.

“ಸೋರ್ತಿಲ್ಲ ತಾನೆ?”

“ಇಲ್ಲ.”

“ಒಳ್ಳೇ ಕೆಲಸಗಾರ ಅವನು.”

“ಹೂಂ.”

ಅವನು ಹೊರಡಲು ತಿರುಗಿದಾಗ ಅಕ್ಕ ಕೇಳಿಯೇಬಿಟ್ಟಳು.

“ಎಣಿಸೋವಾಗ ನಾನು ಹೇಗೋ ಬಿಟ್ಟುಹೋದೆ?”

ತಮ್ಮ ನೆಲ ನೋಡಿದ. “ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ ಅಕ್ಕ, ಇಷ್ಟು ದಿನ. ಬಿಟ್ಟಿದ್ದಲ್ಲ. ನಾನು ಗೋದಾಮಲ್ಲಿ ಮೂಟೆ ಎಣಿಸ್ತೀನಿ, ಗೋದಾಮನ್ನೇ ಎಣಿಸ್ತೀನಾ? ನೀನು ಅಂದ್ರೆ ನಂಗೆ ಈ ಮನೆ ಇದ್ದ ಹಾಗೆ. ಬೇರೆ ಅಂತ ಯಾವತ್ತೂ ಅನ್ನಿಸೇ ಇಲ್ಲ. ಅದಕ್ಕೇ ಲೆಕ್ಕಕ್ಕೆ ಬರ್ಲಿಲ್ಲ.”

ಕಣ್ಣು ಒದ್ದೆಯಾಗಿತ್ತು. ಸುಳ್ಳು ಹೇಳುತ್ತಿರಲಿಲ್ಲ. ಇದೇ ಮಾತನ್ನು ಎರಡು ತಿಂಗಳ ಹಿಂದೆ ಹೇಳಿದ್ದರೆ ಅಕ್ಕ ಅದೊಂದನ್ನೇ ಮೆಲುಕು ಹಾಕುತ್ತ ಇನ್ನು ಹತ್ತು ವರ್ಷ ಕಳೆದುಬಿಡುತ್ತಿದ್ದಳು.

“ಮನೆ ಆಗಿದ್ರೆ ಸೋರಿದಾಗ ರಿಪೇರಿ ಮಾಡಿಸ್ತಿದ್ದೆ ಕಣೋ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕವನಿದ್ದಾಗ ಅವನ ಅಂಗಿಯ ಗುಂಡಿ ತಪ್ಪಿದ್ದನ್ನು ತೋರಿಸುತ್ತಿದ್ದಂತೆ ಹೇಳಿದಳು.

ಅವನು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. “ಊಟಕ್ಕೆ ಬಾ,” ಎಂದ ಕೊನೆಗೆ.

“ಬರ್ತೀನಿ. ಹೋಗು.”

ಹೊರಗೆ ಹೋಗಿ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ಅಕ್ಕ ಮಂಚದ ಮೇಲೆ ಕುಳಿತಳು. ಕೈಗೆ ಕೆಲಸವಿರಲಿಲ್ಲ. ಆಚೆ ಕಡೆ ಟೀಚರ್ ತಟ್ಟೆ ಹಾಕುತ್ತಿದ್ದಳು. ಮೇಜಿನ ಮೇಲೆ ಸ್ಟೀಲು ತಗುಲುವ ಸದ್ದು ಬಂತು. ಒಂದು, ಎರಡು, ಮೂರು. ಸದ್ದು ನಿಂತಿತು. ಅಲ್ಲಿ ಯಾರೋ ಏನೋ ಕೇಳಿದರು, ಯಾರೋ ಡಬ್ಬದ ಮುಚ್ಚಳ ತೆಗೆದರು. ಆಮೇಲೆ ನಾಲ್ಕನೆಯದೂ ಬಂತು. ತಾನು ಅದನ್ನು ಎಣಿಸುತ್ತಾ ಕುಳಿತಿದ್ದೆ ಎಂದು ಗೊತ್ತಾಗಿ ಅವಳಿಗೆ ಅಳು ಬಂತು.